ಹೊಟ್ಟೆಯ ಒತ್ತಕ್ಷರ

ನಮ್ಮ ಶಾಲೆ ದಾವಣಗೆರೆಯಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ. ಸುತ್ತ ಮೆಕ್ಕೆಜೋಳದ ಹೊಲ. ನಾನು ಐದನೇ ಕ್ಲಾಸಿಗೆ ಕನ್ನಡ, ಗಣಿತ ಎರಡೂ ಹೇಳಿಕೊಡುತ್ತೇನೆ. ಈ ವರ್ಷ 34 ಮಕ್ಕಳಿದ್ದಾರೆ.

ಮೂರು ವರ್ಷದ ಹಿಂದೆ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಮಾರನೇ ದಿನ ಪ್ರವಾಸದ ಬಗ್ಗೆ ಬರೆಯಿರಿ ಎಂದೆ. ಕೊನೆ ಸಾಲಿನ ಒಬ್ಬ ಹುಡುಗ ಎರಡು ಪುಟ ಬರೆದಿದ್ದ. ಅವನು ಅಷ್ಟು ಬರೆದದ್ದು ಅದೇ ಮೊದಲು. ಓಬವ್ವನ ಕಿಂಡಿಯ ಹತ್ತಿರ ಬಂದಾಗ ಹೀಗೆ ಬರೆದಿದ್ದ: ‘ನಾನು ಕಿಂಡಿಯಲಿ ತೂರಿದೆ. ಅಂಗಿ ಸಿಕ್ಕೊಂತು. ಐದರಾಲಿ ಸೈನಿಕರಿಗೆ ಒಟೆನೇ ಇರಲಿಲ್ಲ ಅನ್ಸುತ್ತೆ.’

ನಾನು ಮಾಡಿದ್ದೇನು? ‘ಕಿಂಡಿಯಲಿ’ಗೆ ಸುತ್ತು ಹಾಕಿ ‘ಲಿ’ಗೆ ಒತ್ತು ಕೊಟ್ಟೆ. ‘ಐದರಾಲಿ’ಯ ‘ಐ’ ಹೊಡೆದು ‘ಹೈ’ ಬರೆದೆ. ‘ಒಟೆ’ಯನ್ನು ‘ಹೊಟ್ಟೆ’ ಮಾಡಿದೆ. ‘ಸಿಕ್ಕೊಂತು’ ಕೆಳಗೆ ಗೆರೆ ಎಳೆದೆ. ಎರಡು ಪುಟ ಮುಗಿಯುವ ಹೊತ್ತಿಗೆ ಹಾಳೆ ಕುಂಕುಮ ಚೆಲ್ಲಿದ ಹಾಗಿತ್ತು. ಕೆಳಗೆ ‘ಕಾಗುಣಿತ ಸುಧಾರಿಸಿಕೋ’ ಎಂದು ಬರೆದು ಸಹಿ ಹಾಕಿದೆ. ಸೈನಿಕರ ಹೊಟ್ಟೆಯ ಮಾತಿಗೆ ನಾನು ನಗಲಿಲ್ಲ. ನಿಜ ಹೇಳಬೇಕು ಅಂದರೆ ಅದನ್ನು ಓದಿಯೇ ಇರಲಿಲ್ಲ, ಬರೀ ತಿದ್ದಿದ್ದೆ.

ಮುಂದಿನ ವಾರ ‘ನಮ್ಮ ಊರ ಜಾತ್ರೆ’ ಬರೆಯಲು ಕೊಟ್ಟೆ. ಅವನು ಬರೆದದ್ದು ನಾಲ್ಕೇ ಸಾಲು. ಒಂದೂ ತಪ್ಪಿಲ್ಲ. ‘ನಮ್ಮ ಊರು ಚಿಕ್ಕದು. ಜಾತ್ರೆ ನಡೆಯುತ್ತದೆ. ಜನ ಬರುತ್ತಾರೆ. ನನಗೆ ಸಂತೋಷ.’ ಕರೆದು ಕೇಳಿದೆ, ‘ಯಾಕೋ ಇಷ್ಟೇ?’ ಅವನು ನೆಲ ನೋಡುತ್ತಾ ಹೇಳಿದ, ‘ಜಾಸ್ತಿ ಬರೆದ್ರೆ ಜಾಸ್ತಿ ಕೆಂಪಾಗುತ್ತಲ್ಲ ಮಿಸ್.’

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಮಕ್ಕಳಿಗೆ ಹೊಡೆಯುವವಳಲ್ಲ, ‘ತಲೇಲಿ ಮಣ್ಣಿದೆಯಾ’ ಎಂದು ಬೈಯುವವಳೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಏಟನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಾಗಾಗಿ ನಾನು ಒಳ್ಳೆ ಟೀಚರ್ ಎಂದೇ ಅಂದುಕೊಂಡಿದ್ದೆ. ಆದರೆ ಆ ಹುಡುಗ ಎರಡು ಪುಟದಿಂದ ನಾಲ್ಕು ಸಾಲಿಗೆ ಇಳಿದದ್ದು ನನ್ನ ಪೆನ್ನಿನಿಂದಲೇ.

ಮೊದಲು ಮಾಡಿದ್ದು ಪೆದ್ದು ಕೆಲಸ. ಕೆಂಪು ಬಿಟ್ಟು ಹಸಿರು ಪೆನ್ನು ಹಿಡಿದೆ. ಹದಿನೈದೇ ದಿನ, ಮಕ್ಕಳು ಹಸಿರಿಗೂ ಹೆದರಲು ಕಲಿತರು.

ದಾರಿ ಹೊಳೆದದ್ದು ನಮ್ಮ ಅಡುಗೆಮನೆಯಲ್ಲಿ. ದಸರಾ ರಜೆಯಲ್ಲಿ ನನ್ನ ಮಗಳು ಅಜ್ಜಿಯ ಹತ್ತಿರ ಜೋಳದ ರೊಟ್ಟಿ ಕಲಿಯುತ್ತಿದ್ದಳು. ನಮ್ಮವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ರೊಟ್ಟಿ ಸೊಟ್ಟ, ದಪ್ಪ, ಒಂದು ಕಡೆ ತೂತು, ಅಂಚೆಲ್ಲ ಬಿರುಕು. ಅವ್ವ ಹೇಳಿದ್ದು ಒಂದೇ: ‘ಅಂಚು ಬಿರೀತಾ ಇದೆ ನೋಡವ್ವಾ, ಹಿಟ್ಟು ಇನ್ನೊಂಚೂರು ನಾದು.’ ಸೊಟ್ಟ ಇದ್ದದ್ದರ ಬಗ್ಗೆ ಮಾತೇ ಇಲ್ಲ. ಮಗಳು ಮತ್ತೆ ನಾದಿದಳು, ಬಿಸಿನೀರು ಹಾಕಿದಳು, ಬಡಿದಳು. ಬಿರುಕು ಕಡಿಮೆಯಾಯಿತು. ‘ಈಗ ನೋಡು, ಅಂಚು ಕೂಡ್ತು’ ಎಂದರು ಅವ್ವ. ಸೊಟ್ಟದ ಮಾತು ಬಂದದ್ದು ನಾಲ್ಕನೇ ದಿನ.

ನನಗೂ ಅವ್ವ ಹೀಗೇ ಕಲಿಸಿದ್ದರು. ‘ನಿನಗೆ ಬರಲ್ಲ’ ಅಂದದ್ದು ನೆನಪಿಲ್ಲ, ‘ನೀನು ಜಾಣೆ’ ಅಂದದ್ದೂ ನೆನಪಿಲ್ಲ. ಮಾತೆಲ್ಲ ಹಿಟ್ಟಿನ ಮೇಲೆ. ಅದೂ ಕೈಯಲ್ಲಿ ಹಿಟ್ಟು ಇರುವಾಗಲೇ, ಒಂದು ಸಲಕ್ಕೆ ಒಂದೇ, ಹೇಳಿದ ಮೇಲೆ ಇನ್ನೊಂದು ರೊಟ್ಟಿ ಬಡಿಯಲು ಹಿಟ್ಟು ಉಳಿದಿರುತ್ತಿತ್ತು. ನನ್ನ ತಿದ್ದುವಿಕೆಯಲ್ಲಿ ಈ ಕೊನೆಯದು ಇರಲೇ ಇಲ್ಲ. ನೋಟ್‌ಬುಕ್ ವಾಪಸ್ ಕೊಡುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ನಾನು ತಿದ್ದಿದ್ದನ್ನು ಮಗು ಎಲ್ಲಿ ಬಳಸಬೇಕು?

ಹಾಗಾಗಿ ಕ್ಲಾಸಿನಲ್ಲಿ ಮೊದಲು ಬದಲಾಯಿಸಿದ್ದು ಶನಿವಾರವನ್ನು. ಶನಿವಾರ ಬೆಳಗಿನ ಶಾಲೆ. ಮೊದಲ ಪೀರಿಯಡ್ ಹೊಸ ಪಾಠ ಇಲ್ಲ, ಆ ವಾರ ಬರೆದದ್ದನ್ನು ಮತ್ತೆ ಬರೆಯುವುದು. ಪೂರ್ತಿ ಅಲ್ಲ, ನಾನು ಗುರುತು ಹಾಕಿದ ಭಾಗ ಮಾತ್ರ.

ಗುರುತು ಪೆನ್ಸಿಲ್‌ನಲ್ಲಿ. ನನಗೆ ಹಿಡಿಸಿದ ಒಂದು ಸಾಲಿನ ಕೆಳಗೆ ಗೆರೆ, ಯಾಕೆ ಹಿಡಿಸಿತು ಎಂದು ನಾಲ್ಕು ಮಾತು. ಆಮೇಲೆ ಒಂದು ಪ್ರಶ್ನೆ. ಆಮೇಲೆ ಒಂದೇ ಒಂದು ಜಾತಿಯ ತಪ್ಪು. ಒತ್ತಕ್ಷರ ಅಂದರೆ ಒತ್ತಕ್ಷರ ಮಾತ್ರ. ‘ಹ’ಕಾರ, ದೀರ್ಘ, ಮಹಾಪ್ರಾಣ ಎಲ್ಲ ಕಾಯಲಿ. ಅದನ್ನೂ ನಾನು ತಿದ್ದಿ ಕೊಡುವುದಿಲ್ಲ. ಸಾಲಿನ ಪಕ್ಕ ಒಂದು ಚುಕ್ಕೆ ಇಡುತ್ತೇನೆ. ಎಲ್ಲಿ ಒತ್ತು ಬಿಟ್ಟಿದೆ ಎಂದು ಹುಡುಕುವುದು ಮಗುವಿನ ಕೆಲಸ. ಹತ್ತರಲ್ಲಿ ಏಳೆಂಟು ಸಲ ಅವರೇ ಹುಡುಕುತ್ತಾರೆ. ಜೋರಾಗಿ ಓದು ಅಂದರೆ ಸಾಕು, ‘ಕಿಂಡಿಯಲಿ... ಅಯ್ಯೋ, ಯಲ್ಲಿ’ ಎಂದು ಕಿವಿಯೇ ಹೇಳಿಕೊಡುತ್ತದೆ.

34 ನೋಟ್‌ಬುಕ್ ಒಂದೇ ದಿನ ಹೀಗೆ ನೋಡಲು ಸಾಧ್ಯವೇ ಇಲ್ಲ. ದಿನಕ್ಕೆ ಏಳು. ಉಳಿದವರು ಲೆಕ್ಕ ಮಾಡುತ್ತಿರುವಾಗ ಆ ಏಳು ಜನರ ಪಕ್ಕ ಹೋಗಿ ಕೂರುತ್ತೇನೆ, ಒಬ್ಬರಿಗೆ ಎರಡು ನಿಮಿಷ. ಬೆಂಚಿನ ಮೇಲೆ ಕೂರುವುದು ಮುಖ್ಯ. ತಲೆ ಮೇಲೆ ನಿಂತು ಎಷ್ಟು ಮೆತ್ತಗೆ ಹೇಳಿದರೂ ಅದು ಬೈದ ಹಾಗೇ ಕೇಳಿಸುತ್ತದೆ.

ಅಂಕದ ವಿಷಯ ಬೇರೆಯೇ ರಗಳೆ. ಒಂದು ತರಬೇತಿಯಲ್ಲಿ ಇಸ್ರೇಲಿನ ರುತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಕೇಳಿದ್ದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಸಲಹೆ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಮೇಲೆ ಬಂದವರು ಬರೀ ಸಲಹೆ ಪಡೆದವರು. ಅಂಕವನ್ನೂ ಸೇರಿಸಿ ಕೊಟ್ಟಲ್ಲಿ ಸಲಹೆಯ ಲಾಭ ಕಾಣಲಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಮಕ್ಕಳೂ ನೋಟ್‌ಬುಕ್ ಸಿಕ್ಕ ಕೂಡಲೇ ‘ನಿಂಗೆಷ್ಟು, ನಿಂಗೆಷ್ಟು’ ಎಂದು ಪಕ್ಕಕ್ಕೆ ತಿರುಗುತ್ತಾರೆ, ನಾನು ಬರೆದದ್ದನ್ನು ಯಾರು ನೋಡುತ್ತಾರೆ? ಎಫ್‌ಎ (ಕಲಿಕೆಯ ನಡುನಡುವಿನ ಮೌಲ್ಯಮಾಪನ), ಎಸ್‌ಎ (ಅವಧಿಯ ಕೊನೆಯ ಮೌಲ್ಯಮಾಪನ) ಅಂಕ ದಾಖಲಿಸಲೇಬೇಕು, ಅದು ನನ್ನ ಕೈಯಲ್ಲಿಲ್ಲ. ಆದರೆ ಯಾವಾಗ ಹಾಕಬೇಕು ಅನ್ನುವುದು ನನ್ನ ಕೈಯಲ್ಲಿದೆ. ಈಗ ಶನಿವಾರ ಮತ್ತೆ ಬರೆದ ಮೇಲೆಯೇ ಅಂಕ.

ತಕರಾರು ಬಂದೇ ಬಂತು. ಒಬ್ಬರು ಅಪ್ಪ ನೋಟ್‌ಬುಕ್ ಹಿಡಿದು ಬಂದರು. ‘ಏನ್ ಮಿಸ್, ಇಷ್ಟೊಂದು ತಪ್ಪು ಹಂಗೇ ಬಿಟ್ಟೀರಲ್ಲ, ನೋಡೇ ಇಲ್ವಾ?’ ಅವರ ಮಾತಲ್ಲೂ ನ್ಯಾಯ ಇತ್ತು. ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರೂ ಅದನ್ನೇ ಕೇಳಿದರು. ಅಂದಿನಿಂದ ಪ್ರತಿ ಬರಹದ ಮೇಲೆ ಮಗುವಿನ ಕೈಯಲ್ಲೇ ಒಂದು ಸಾಲು ಬರೆಸುತ್ತೇನೆ: ‘ಈ ವಾರ ನಾನು ನೋಡಿಕೊಳ್ಳುವುದು – ಒತ್ತಕ್ಷರ.’ ಅದನ್ನು ಓದಿದವರು ಮತ್ತೆ ಕೇಳಿಲ್ಲ.

ಹೊಗಳಿಕೆಯಲ್ಲೂ ನಾನು ಎಡವಿದ್ದೇನೆ. ಲೆಕ್ಕದಲ್ಲಿ ಮುಂದಿದ್ದ ಒಬ್ಬಳಿಗೆ ದಿನಾ ‘ಜಾಣೆ’ ಎನ್ನುತ್ತಿದ್ದೆ. ಭಿನ್ನರಾಶಿ ಶುರುವಾದಾಗ ಅವಳು ಎಡವಿದಳು. ನಾನು ಹತ್ತಿರ ಹೋದರೆ ಅಂಗೈಯಲ್ಲಿ ಉತ್ತರ ಮುಚ್ಚಿಕೊಳ್ಳುತ್ತಿದ್ದಳು. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್, ಕರೋಲ್ ಡ್ವೆಕ್ ಐದನೇ ತರಗತಿಯ ಮಕ್ಕಳಲ್ಲಿ ಇದನ್ನೇ ನೋಡಿದ್ದರು. ಬುದ್ಧಿವಂತರು ಎಂದು ಹೊಗಳಿಸಿಕೊಂಡವರು ಒಂದು ಸಲ ಸೋತ ಮೇಲೆ ಬೇಗ ಕೈಚೆಲ್ಲಿದರು, ಬಂದ ಅಂಕಕ್ಕಿಂತ ಹೆಚ್ಚು ಹೇಳಿಕೊಂಡವರೂ ಅವರಲ್ಲೇ ಜಾಸ್ತಿ. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಇದು ಕಡಿಮೆ. ಆ ಹುಡುಗಿಗೆ ನಾನೀಗ ‘ಛೇದ ಸಮ ಮಾಡಿಕೊಂಡು ಆಮೇಲೆ ಕೂಡಿಸಿದೆಯಲ್ಲ, ಅದಕ್ಕೇ ಉತ್ತರ ಬಂತು’ ಎನ್ನುತ್ತೇನೆ. ಅಂಗೈ ಪೂರ್ತಿ ಸರಿಯಲು ಎರಡು ತಿಂಗಳು ಬೇಕಾಯಿತು. ‘ನೀನು ಶ್ರಮ ಪಡ್ತೀಯ’ ಎಂದು ಸುಮ್ನೆ ಹೇಳುವುದೂ ನನಗೆ ಸೇರದು. ಏನು ಮಾಡಿದ್ದಕ್ಕೆ ಹೇಳುತ್ತಿದ್ದೇನೆ ಎಂದು ಮಗುವಿಗೆ ಗೊತ್ತಾಗಬೇಕಲ್ವಾ?

ಮೊದಲು ಒಳ್ಳೆಯದು, ನಡುವೆ ತಪ್ಪು, ಕೊನೆಗೆ ಮತ್ತೆ ಒಳ್ಳೆಯದು ಎಂದು ಹೇಳಿಕೊಡುತ್ತಾರಲ್ಲ, ಅದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಮನೆಯಲ್ಲಿ ಮಗಳ ಚಿತ್ರ ನೋಡಿ ‘ಚೆನ್ನಾಗಿದೆ ಪುಟ್ಟಿ...’ ಎಂದು ಶುರು ಮಾಡಿದೆ. ಅವಳು ಬ್ರಷ್ ಕೆಳಗಿಟ್ಟು, ‘ಆದ್ರೆ ಏನು, ಬೇಗ ಹೇಳಮ್ಮಾ’ ಎಂದಳು. ‘ಚೆನ್ನಾಗಿದೆ’ ಅನ್ನುವುದು ಅವಳ ಕಿವಿಗೆ ಮುಂದಿನ ಏಟಿನ ಸೂಚನೆ ಆಗಿಬಿಟ್ಟಿತ್ತು. ಈಗ ಹೊಗಳುವ ದಿನ ಹೊಗಳಿ ಸುಮ್ಮನಾಗುತ್ತೇನೆ. ಹೇಳುವುದಿದ್ದರೆ ನೇರವಾಗಿ ಕೇಳುತ್ತೇನೆ: ‘ಈ ಮರದ ನೆರಳು ಯಾವ ಕಡೆ ಬೀಳಬೇಕು?’

ಎಲ್ಲ ದಿನ ಹೀಗೇ ನಡೆಯುತ್ತದೆ ಎಂದರೆ ಸುಳ್ಳು. ಮಧ್ಯಾಹ್ನ ಮೂರೂವರೆಗೆ, ಸೆಕೆಯಲ್ಲಿ, ಗಲಾಟೆಯ ನಡುವೆ ‘ಎಷ್ಟ್ ಸಲ ಹೇಳ್ಬೇಕೋ ನಿಂಗೆ!’ ಎಂದು ನನ್ನ ಬಾಯಿಂದಲೂ ಬರುತ್ತದೆ. ಒಮ್ಮೆ ಎಲ್ಲರೆದುರು ಹಾಗೆ ಅಂದ ಹುಡುಗನಿಗೆ ಮಾರನೇ ದಿನ ಎಲ್ಲರೆದುರೇ ‘ನಿನ್ನೆ ನಾನು ಕೂಗಿದ್ದು ತಪ್ಪು ಕಣೋ’ ಎಂದೆ. ಅವನಿಗೆ ನಾಚಿಕೆಯಾಗಿ ಡೆಸ್ಕ್ ಕೆಳಗೆ ಪೆನ್ಸಿಲ್ ಹುಡುಕತೊಡಗಿದ.

ಕೊನೆ ಸಾಲಿನ ಆ ಹುಡುಗ? ನಾಲ್ಕು ಸಾಲಿನಿಂದ ಮೇಲೆ ಬರಲು ಅವನಿಗೆ ಡಿಸೆಂಬರ್ ಆಯಿತು. ನಾನು ಕೋಟೆಯ ಹಳೇ ಬರಹವನ್ನೇ ಮತ್ತೆ ತೆಗೆಸಿ, ಹೊಟ್ಟೆಯ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ‘ಇದನ್ನು ಓದಿ ನಕ್ಕೆ. ನಿನ್ನ ಅಂಗಿ ಸಿಕ್ಕಿಕೊಂಡಾಗ ಬಿಡಿಸಿದ್ದು ಯಾರು?’ ಎಂದು ಬರೆದೆ. ಅವನು ಅದನ್ನು ಎರಡು ಸಲ ಓದಿ, ಹಲ್ಲು ಬಿಟ್ಟು, ಉತ್ತರವಾಗಿ ಅರ್ಧ ಪುಟ ಬರೆದ. ಬಿಡಿಸಿದ್ದು ನಮ್ಮ ಬಿಸಿಯೂಟದ ಅಕ್ಕ ಅಂತೆ. ಅವರಿಗೂ ಕಿಂಡಿಯಲ್ಲಿ ತೂರಲು ಆಗದೆ ಈ ಕಡೆಯೇ ನಿಂತಿದ್ದರಂತೆ.

‘ಹೊಟ್ಟೆ’ ಈ ಸಲವೂ ‘ಒಟ್ಟೆ’ ಆಗಿತ್ತು. ಒತ್ತು ಮಾತ್ರ ಸರಿಯಾಗಿ ಬಿದ್ದಿತ್ತು. ಆ ವಾರ ನೋಡಬೇಕಾದದ್ದು ಅದೇ ಆದ್ದರಿಂದ ‘ಹ’ ಮುಟ್ಟದೆ ನೋಟ್‌ಬುಕ್ ಮುಚ್ಚಿದೆ.