ಮೋಹಿನಿ ಕತೆ ಹುಡುಕಿಕೊಂಡು ಹೋಗಿ

ಸಕಲೇಶಪುರದ ಆಸುಪಾಸಿನಲ್ಲಿ ಮೋಹಿನಿ ಕತೆ ಬರೆದುಕೊಳ್ಳಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು, "ಮೋಹಿನಿ ನೋಡಿದ್ದೀರಾ?" ಎಂದು ನೇರವಾಗಿ ಕೇಳಿದ್ದು. ಯಾರೂ ನೋಡಿರಲಿಲ್ಲ. ನೋಡಿದವರು ಅವರ ಸೋದರಮಾವನೋ, ತೀರಿಹೋದ ಯಾವುದೋ ತೋಟದ ರೈಟರೋ ಆಗಿರುತ್ತಿದ್ದರು. ಆಮೇಲೆ ಪ್ರಶ್ನೆ ಬದಲಿಸಿದೆ: "ಹೊತ್ತು ಮುಳುಗಿದ ಮೇಲೆ ಯಾವ ದಾರೀಲಿ ಹೋಗ್ಬೇಡ ಅಂತಿದ್ರು?"

ಆಗ ಬಾಯಿ ಬಿಟ್ಟರು. ಹಳ್ಳದ ತಿರುವು, ಬಿಳಿ ಸೀರೆ, ಹಿಂದುಮುಂದಾದ ಪಾದ, ಎಲ್ಲಿಂದಲೋ ಬರುವ ಹೂವಿನ ವಾಸನೆ. (ವಾಸನೆ ಸುಳ್ಳಲ್ಲ. ಹಾಲೆಮರ ಹೂ ಬಿಟ್ಟರೆ ರಾತ್ರಿಯೆಲ್ಲ ಘಮ್ಮೆನ್ನುತ್ತದೆ.) "ಎಲೆಗೆ ಒಂಚೂರು ಸುಣ್ಣ ಇದ್ಯಾ?" ಅಂತಾಳಂತೆ. ಬೆರಳಲ್ಲಿ ಕೊಟ್ಟವನು ಕೆಟ್ಟ. ಕತ್ತಿಯ ಮೊನೆಯಲ್ಲಿ ಕೊಡಬೇಕು, ಕಬ್ಬಿಣ ಕಂಡರೆ ಅವಳಿಗಾಗದು.

ಕೇರಳದಲ್ಲಿ ಹೀಗೆ ಸುಣ್ಣ ಕೇಳುವವಳು ಯಕ್ಷಿ, ಅವಳ ಮರವೂ ಹಾಲೆಯೇ. ಇತ್ತ ನಮ್ಮ ಜೈನಕ್ಷೇತ್ರ ಹುಂಚದಲ್ಲಿ ತೀರ್ಥಂಕರ ಪಾರ್ಶ್ವನಾಥನ ಯಕ್ಷಿ ಪದ್ಮಾವತಿ ಪೂಜೆಗೊಳ್ಳುತ್ತಾಳೆ. ಒಂದೇ ಹೆಸರು, ಅಲ್ಲಿ ರಕ್ತ ಹೀರುವವಳು, ಇಲ್ಲಿ ಕಾಯುವವಳು.

ಎರಡು ವರ್ಷ ನನ್ನ ಪುಸ್ತಕದಲ್ಲಿ ಬರೀ ಗಂಡಸರ ಕತೆಗಳೇ ತುಂಬಿದ್ದವು. ಅದು ನನಗೆ ಹೊಳೆದಿರಲೂ ಇಲ್ಲ. ಒಂದು ಮಧ್ಯಾಹ್ನ ಸೂಲಗಿತ್ತಿಯಾಗಿದ್ದ ಅಜ್ಜಿಯೊಬ್ಬರ ಹಿತ್ತಿಲಲ್ಲಿ ಕೂತು, ಮೋಹಿನಿ ಅಷ್ಟು ಚೆಂದವೇ ಎಂದು ಕೇಳಿದೆ.

"ಚೆಂದ ಎಲ್ಲಿಂದ ಬಂತು ಮಗಾ? ಹೆರಿಗೇಲಿ ಸತ್ತೋಳು ಅವಳು. ಕೂಸು ಹುಡುಕ್ಕೊಂಡು ಬರ್ತಾಳೆ."

ಅಜ್ಜಿಯ ಕತೆಯಲ್ಲಿ ಗೆಜ್ಜೆಯಿಲ್ಲ, ಮಲ್ಲಿಗೆಯಿಲ್ಲ. ಅವಳಿಗೊಂದು ಹೆಸರಿತ್ತು, ಮನೆಯಿತ್ತು. ಆಷಾಢದ ಮಳೆಗೆ ಹಳ್ಳ ಉಕ್ಕಿ ಗಾಡಿ ದಾಟದೆ ನಿಂತ ಜಾಗವನ್ನು ಅಜ್ಜಿ ಕೈಮಾಡಿ ತೋರಿಸಿದರು. ಗಂಡಸರು ಹೇಳಿದ್ದ ತಿರುವೂ ಅದೇ. ಬಾಣಂತಿಯ ಹಾಸಿಗೆಯ ಕೆಳಗೆ ಕತ್ತಿ ಇಡುವುದು ಇವಳಿಗಾಗಿಯೇ ಅಂದರು. ದಾರಿಯಲ್ಲಿ ಸುಣ್ಣ ಕೊಡುವ ಕಬ್ಬಿಣ ಯಾವ ಕೋಣೆಯಿಂದ ಹೊರಟದ್ದೆಂದು ನನಗೆ ಗೊತ್ತಾದದ್ದು ಆಗ.

ಆಮೇಲೆ ಬೇರೆ ಕಡೆಯ ಕತೆಗಳನ್ನೂ ಹಾಗೇ ಓದತೊಡಗಿದೆ. ಇರಾಕಿನ ನಿಪ್ಪೂರಿನಲ್ಲಿ ಸಿಕ್ಕ ಮಂತ್ರದ ಬಟ್ಟಲುಗಳು ಸುಮಾರು 6ನೇ ಶತಮಾನದವು. ಒಳಮೈಗೆ ಅರಾಮಿಕ್ ಅಕ್ಷರ ಬರೆದು ಮನೆಯೊಳಗೆ ಬೋರಲು ಹೂಳುತ್ತಿದ್ದರು. ರಾತ್ರಿ ಗಂಡಸರ ಬಳಿ ಬರುವ, ಕೂಸುಗಳನ್ನು ಕಾಡುವ ಲಿಲಿತ್‌ಳನ್ನು ಅಟ್ಟಲು ಕೆಲವದರಲ್ಲಿ ಅವಳಿಗೆ ವಿಚ್ಛೇದನ ಪತ್ರವನ್ನೇ ಬರೆದಿದ್ದಾರೆ! 1990ರ ದಶಕದಲ್ಲಿ ಬೆಂಗಳೂರಿನವರು ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದದ್ದು ನೆನಪಾಗಿ ನಗು ಬಂತು. ಅವರು ಸಂಬಂಧ ಕಡಿದುಕೊಂಡರು, ನಾವು ವಾಯಿದೆ ಕೇಳಿದೆವು.

ಈಗ ನಾನು ಹೋಗುವುದು ಹಗಲಲ್ಲೇ, ಮೊದಲು ಹಿತ್ತಿಲ ಕಡೆಗೆ. ಸತ್ತವಳ ಹೆಸರು ಬಂದಾಗ ಮೊಬೈಲ್ ರೆಕಾರ್ಡಿಂಗ್ ನಿಲ್ಲಿಸುತ್ತೇನೆ. ಅದನ್ನು ಹೇಳಿಕೊಟ್ಟದ್ದೂ ಆ ಅಜ್ಜಿಯೇ. "ಹೆಸರು ಬರೀಬೇಡ ಕಣಪ್ಪ, ಅವಳ ದೊಡ್ಡಮಗ ಇಲ್ಲೇ ಇದಾನೆ" ಅಂದಿದ್ದರು.