ಜಾರ್ಜಿಯಾದ ‘ಅನ್’ ಮೂರು ಬೈಟ್ ಆಗುವ ಬಗೆ

ಜಾರ್ಜಿಯಾ ದೇಶದ ಜನ ಇಂದು ಬರೆಯುವ ಲಿಪಿಗೆ ಮ್ಖೆದ್ರುಲಿ ಎಂದು ಹೆಸರು. 33 ಅಕ್ಷರ, ಮೊದಲನೆಯದು ‘ಅನ್’. ಮೊಬೈಲಿನಲ್ಲಿ ಅದನ್ನು ಒತ್ತಿದಾಗ ಒಳಗೆ ಉಳಿಯುವುದು ಅದರ ಆಕಾರವಲ್ಲ, ಸಂಖ್ಯೆ. ಆ ಲೆಕ್ಕವನ್ನು ಕಾಗದದ ಮೇಲೆ ನೀವೇ ಮಾಡಿ ನೋಡಬಹುದು.

ಮೊದಲು ಸಂಖ್ಯೆ ತಿಳಿದುಕೊಳ್ಳಿ. ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯೇ ಯೂನಿಕೋಡ್. ಅದು ‘ಅನ್’ಗೆ ಕೊಟ್ಟಿರುವುದು 4304. ಹದಿನಾರರ ಲೆಕ್ಕದಲ್ಲಿ ಇದೇ ಯು+10ಡಿ0. ನಮ್ಮ ‘ಅ’ 3205ರಲ್ಲಿದೆ.

ಇನ್ನು ಎಷ್ಟು ಬೈಟ್ ಬೇಕು ಎಂಬುದು. ಬೈಟ್ ಎಂದರೆ 0 ಅಥವಾ 1 ಆಗಿರುವ ಎಂಟು ಅಂಕಿಗಳ ಗುಂಪು. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 127ರವರೆಗಿನ ಸಂಖ್ಯೆಗೆ ಒಂದು ಬೈಟ್, 2047ರವರೆಗೆ ಎರಡು, 65535ರವರೆಗೆ ಮೂರು. ನಮ್ಮ ‘ಅ’, ಅವರ ‘ಅನ್’ ಎರಡೂ ಮೂರರ ಗುಂಪಿನವು.

ಈಗ 4304ನ್ನು ಎರಡರಿಂದ ಭಾಗಿಸುತ್ತಾ ಹೋಗಿ, ಸೊನ್ನೆ ಬರುವವರೆಗೆ. ಪ್ರತಿ ಸಲದ ಶೇಷವನ್ನು ಒಂದರ ಕೆಳಗೊಂದು ಬರೆದು, ಕೆಳಗಿನಿಂದ ಮೇಲಕ್ಕೆ ಓದಿ: 1000011010000. ಒಟ್ಟು 13 ಅಂಕಿ. ಮೂರು ಬೈಟಿನ ಅಚ್ಚಿಗೆ 16 ಬೇಕು, ಆದ್ದರಿಂದ ಎಡಕ್ಕೆ ಮೂರು ಸೊನ್ನೆ ಸೇರಿಸಿ. ಬಳಿಕ 4, 6, 6 ಎಂದು ಒಡೆಯಿರಿ: 0001, 000011, 010000. ಮೊದಲ ತುಂಡಿನ ಮುಂದೆ 1110, ಉಳಿದೆರಡರ ಮುಂದೆ 10 ಹಚ್ಚಿ. 11100001, 10000011, 10010000 ಸಿಗುತ್ತವೆ. ಅಂದರೆ 225, 131, 144.

ಹಚ್ಚಿದ ಆ ಗುರುತುಗಳೇ ಈ ಪದ್ಧತಿಯ ಜೀವಾಳ. 1110 ಕಂಡರೆ ಇಲ್ಲೊಂದು ಅಕ್ಷರ ಶುರು, ಮೂರು ಬೈಟಿನದು. 10 ಕಂಡರೆ ಅದು ಮುಂದುವರಿಕೆಯ ತುಂಡು. ಕಡತದ ಯಾವ ಮೂಲೆಯಿಂದ ಓದಲು ಹೊರಟರೂ ಅಕ್ಷರದ ಆರಂಭ ಸಿಕ್ಕೇ ಸಿಗುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ರೂಪಿಸಿದ ಈ ಉಪಾಯ ನನಗೆ ಇವತ್ತಿಗೂ ಬೆರಗು.

ತಾಳೆ ನೋಡಲು, ಹಚ್ಚಿದ ಗುರುತುಗಳ ಬೆಲೆ ತೆಗೆಯಿರಿ: 225ರಲ್ಲಿ 224, 131ರಲ್ಲಿ 128, 144ರಲ್ಲಿ 128 ಕಳೆಯಿರಿ. ಉಳಿದದ್ದು 1, 3, 16. ಒಂದನ್ನು 4096ರಿಂದ, ಮೂರನ್ನು 64ರಿಂದ ಗುಣಿಸಿ, 16 ಕೂಡಿಸಿ. 4304 ಬಂದಿರಬೇಕು.

ಜಾರ್ಜಿಯನ್ನಿನಲ್ಲಿ ಕಾಗುಣಿತವಿಲ್ಲ, ಸ್ವರವೂ ಬಿಡಿ ಅಕ್ಷರವೇ. ಹಾಗಾಗಿ ಎಣಿಕೆ ಸರಳ. ಅವರು ತಮ್ಮ ದೇಶವನ್ನು ಕರೆಯುವ ‘ಸಕಾರ್ತ್ವೆಲೊ’ಗೆ 10 ಅಕ್ಷರ, 30 ಬೈಟ್. ನಮ್ಮ ‘ಕಿ’ ನೋಡಲು ಒಂದೇ, ಆದರೆ ‘ಕ’ ಬೇರೆ, ಗುಡಿಸು ಬೇರೆ. ಅಲ್ಲಿಗೇ ಆರು ಬೈಟ್.

ಯೂನಿಕೋಡ್ ಬರುವ ಮುಂಚೆ ಅಲ್ಲಿಯೂ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ತಮ್ಮ ಆಕಾರ ತೊಡಿಸಿದ ಫಾಂಟುಗಳಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಗೋಜಲು. ಹಳೆಯ ‘ನುಡಿ’ ಕಡತ ತೆರೆದು ತಲೆಬುಡ ತಿಳಿಯದೆ ಕೂತವರಿಗೆ ಇದು ಹೊಸದಲ್ಲ. ಅಕ್ಷರಕ್ಕೆ ಸ್ವಂತ ಸಂಖ್ಯೆ ಸಿಗುವುದು ಭಾಷೆಗೆ ಸ್ವಂತ ಮನೆ ಸಿಕ್ಕಷ್ಟೇ ದೊಡ್ಡದು.

ತಂತ್ರಾಂಶ ಬರೆಯುವವರು ಒಂದು ಎಚ್ಚರ ವಹಿಸಬೇಕು. 2018ರಲ್ಲಿ ಯೂನಿಕೋಡಿನ 11ನೇ ಆವೃತ್ತಿ ಮ್ತವ್ರುಲಿ ಎಂಬ, ಇಂಗ್ಲಿಷಿನ ಕ್ಯಾಪಿಟಲ್‌ನಂಥ ದೊಡ್ಡಕ್ಷರಗಳನ್ನು ಸೇರಿಸಿತು. ಅಲ್ಲಿ ‘ಅನ್’ 7312. ಅವು ಇಡೀ ಪದವನ್ನೋ ಶೀರ್ಷಿಕೆಯನ್ನೋ ದೊಡ್ಡಕ್ಷರದಲ್ಲಿ ಬರೆಯಲು. ವಾಕ್ಯದ ಮೊದಲಿಗೋ ಹೆಸರಿನ ಮೊದಲಿಗೋ ಒಂದೇ ದೊಡ್ಡಕ್ಷರ ಇಡುವ ರೂಢಿ ಜಾರ್ಜಿಯನ್ನಿನಲ್ಲಿ ಇಲ್ಲ. ದೊಡ್ಡಕ್ಷರಕ್ಕೆ ಬದಲಿಸಿದಾಗ ಖಾಲಿ ಚೌಕಗಳು ಕಂಡರೆ ಅಕ್ಷರ ಹಾಳಾಗಿಲ್ಲ, ಸಂಖ್ಯೆ ಸರಿಯಾಗಿಯೇ ಇದೆ. ಫಾಂಟ್ ಹಳೆಯದು. ನೋಟೋ ಸಾನ್ಸ್ ಜಾರ್ಜಿಯನ್ ಎಂಬ ಫಾಂಟಿನ ಹೊಸ ಆವೃತ್ತಿ ಹಾಕಿಕೊಳ್ಳಿ.