ಹಳೆಯ ಫಾಕ್ಸ್‌ಪ್ರೊ ಬಿಲ್ಲಿಗೆ ಐಆರ್‌ಎನ್ ಬರಿಸಿದ್ದು

ಶಿವಮೊಗ್ಗದ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕವನ್ನೂ ಕಂಪ್ಯೂಟರನ್ನೂ ನೋಡಿಕೊಳ್ಳುವವನು ನಾನು. ನಮ್ಮ ಬಿಲ್ಲಿಂಗ್ ಇವತ್ತಿಗೂ ವಿಷುಯಲ್ ಫಾಕ್ಸ್‌ಪ್ರೊ ಎಂಬ ಹಳೆಯ ತಂತ್ರಾಂಶದಲ್ಲೇ ನಡೆಯುತ್ತದೆ. ಬಿಲ್ಲನ್ನು ಜಿಎಸ್‌ಟಿಯ ಐಆರ್‌ಪಿ ಪೋರ್ಟಲ್‌ಗೆ ಕಳಿಸಿ ಐಆರ್‌ಎನ್ ಎಂಬ ನೋಂದಣಿ ಸಂಖ್ಯೆ ಪಡೆಯುವುದೇ ಇ-ಇನ್‌ವಾಯ್ಸ್. 2022ರ ಏಪ್ರಿಲ್‌ನಲ್ಲಿ ಅದು ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 20 ಕೋಟಿಗೆ ಇಳಿದು ನಾವೂ ಅದರೊಳಗೆ ಬಿದ್ದಾಗ, ಈ ಫಾಕ್ಸ್‌ಪ್ರೊಗೇ ಅದನ್ನು ಜೋಡಿಸುತ್ತೇನೆ ಎಂದೆ. “ಹಂಚಿನ ಮನೆಗೆ ಲಿಫ್ಟ್ ಹಾಕಿಸಲು ಹೊರಟಿದ್ದೀರಲ್ಲ” ಎಂದು ಆಡಿಟರ್ ನಕ್ಕರು. ಹೊಸ ತಂತ್ರಾಂಶ ಮಾರಲು ಬಂದವರು ಹೇಳಿದ್ದು ಮೂರೂವರೆ ಲಕ್ಷ, ವರ್ಷವರ್ಷದ ನಿರ್ವಹಣಾ ಶುಲ್ಕ ಬೇರೆ. ಯಜಮಾನರ ಹತ್ತಿರ ನಾನು ಎರಡು ತಿಂಗಳು ಕೇಳಿಕೊಂಡೆ. ಹಿಡಿದದ್ದು ಐದು.

ಮಾಡಿದ್ದು ಇಷ್ಟೇ: ಫಾಕ್ಸ್‌ಪ್ರೊದ ಡಿಬಿಎಫ್ ಕಡತ ಓದಿ, ಪೋರ್ಟಲ್ ಕೇಳುವ ಜೆಸನ್ ರೂಪಕ್ಕೆ ಕಟ್ಟಿ, ಜಿಎಸ್‌ಪಿ (ಜಿಎಸ್‌ಟಿ ಜಾಲಕ್ಕೆ ಸಂಪರ್ಕ ಕೊಡುವ ಅಧಿಕೃತ ಕಂಪನಿ) ಮೂಲಕ ಕಳಿಸುವ ಒಂದು ಪೈಥಾನ್ ಸ್ಕ್ರಿಪ್ಟ್. ಜಿಎಸ್‌ಪಿಯವರಿಗೆ ವರ್ಷಕ್ಕೆ ಹನ್ನೆರಡು ಸಾವಿರದ ಆಸುಪಾಸು. ಉಳಿದದ್ದೆಲ್ಲ ನನ್ನ ರಾತ್ರಿ ನಿದ್ದೆಯ ಖರ್ಚು.

ಮೊದಲು ಕೈಕೊಟ್ಟದ್ದು ಸೊನ್ನೆ. ಅಡಿಕೆಯ ಎಚ್‌ಎಸ್‌ಎನ್, ಅಂದರೆ ತೆರಿಗೆ ಲೆಕ್ಕಕ್ಕೆ ಸರಕನ್ನು ಗುರುತಿಸುವ ಕೋಡ್, 080280. ಇಪ್ಪತ್ತು ವರ್ಷದ ಹಿಂದೆ ಆ ಟೇಬಲ್ ಮಾಡಿದ ಪುಣ್ಯಾತ್ಮ ಕೋಡ್ ಅಂಕಣಕ್ಕೆ ಸಂಖ್ಯೆಯ ರೂಪ ಕೊಟ್ಟಿದ್ದ. ಮುಂದಿನ ಸೊನ್ನೆ ಉದುರಿ 80280 ಹೋಗುತ್ತಿತ್ತು, ಐದಂಕಿ ಎಂದು ಆ ಕಡೆಯಿಂದ ತಿರಸ್ಕಾರ. ಅದನ್ನು ಸರಿಮಾಡಿದರೆ ಬಿಲ್ ನಂಬರ್ ತಕರಾರು. ನಮ್ಮದು 0001ರಿಂದ ಶುರು. ಐಆರ್‌ಪಿಗೆ ಸೊನ್ನೆಯಿಂದ ಶುರುವಾಗುವ ನಂಬರ್ ಆಗುವುದಿಲ್ಲ. ಒಂದೇ ಸೊನ್ನೆ, ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ.

ಆಮೇಲೆ ಪೋರ್ಟಲ್‌ನ ತಪ್ಪಿನ ಕೋಡ್ 2189. ಒಟ್ಟು ಮೊತ್ತ ತಾಳೆಯಾಗುತ್ತಿಲ್ಲ ಎಂಬ ಈ ತಪ್ಪನ್ನು ಕಂಡವರಿಗೆ ವಿವರಿಸಬೇಕಿಲ್ಲ. ಒಂದೇ ಬಿಲ್ಲಿನಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬಗೆಬಗೆಯ ಅಡಿಕೆಯ ಹದಿನಾಲ್ಕು ಲಾಟ್. ಹಳೆಯ ಪ್ರೋಗ್ರಾಂ ಪ್ರತಿ ಲಾಟಿನ ತೆರಿಗೆಯನ್ನೂ ರೂಪಾಯಿಗೆ ಸುತ್ತುತ್ತಿತ್ತು. ಕೊನೆಗೆ ನಾಲ್ಕೈದು ರೂಪಾಯಿ ವ್ಯತ್ಯಾಸ. ಐಆರ್‌ಪಿ ಬಿಡುವುದು ಒಂದು ರೂಪಾಯಿ ಆಚೀಚೆ. ಸಾಲುಸಾಲಿನ ತೆರಿಗೆಯನ್ನು ಪೈಸೆವರೆಗೆ ಮತ್ತೆ ಲೆಕ್ಕ ಹಾಕಿ, ಉಳಿಕೆಯನ್ನು ರೌಂಡ್-ಆಫ್‌ಗೆ ತಳ್ಳಿದ ಮೇಲೆ ಶಾಂತವಾಯಿತು. ಇದೊಂದಕ್ಕೇ ಹದಿನೈದು ದಿನ ತಿಂದೆ.

ನಿಜವಾದ ಪೆಟ್ಟು ಬಿದ್ದದ್ದು ಜುಲೈ ಮಳೆಯಲ್ಲಿ. ಕಾನ್ಪುರದ ಲೋಡು, ಚೀಲ ಏರಿಸಿ ತಾಡಪಾಲು ಕಟ್ಟಿ ಆಗಿದೆ. ಬಿಲ್ಲು ಕಳಿಸಿದೆ, ಉತ್ತರ ಬರುವಷ್ಟರಲ್ಲಿ ನೆಟ್ ಹೋಯಿತು. ನೆಟ್ ಬಂದ ಮೇಲೆ ಮತ್ತೆ ಕಳಿಸಿದರೆ 2150, ಈ ಐಆರ್‌ಎನ್ ಆಗಲೇ ಇದೆ. ಅದು ಎಲ್ಲಿದೆ ಎಂದು ನನಗೆ ಗೊತ್ತಿಲ್ಲ! ಗಾಬರಿಯಲ್ಲಿ ಹೊಸ ನಂಬರಿನಲ್ಲಿ ಇನ್ನೊಂದು ಬಿಲ್ಲು ಮಾಡಿದೆ. ಹಳೆಯದನ್ನು ರದ್ದು ಮಾಡಲು ನೆನಪಾದದ್ದು ಮರುದಿನ ಸಂಜೆ. 24 ಗಂಟೆ ದಾಟಿತ್ತು. ಕ್ರೆಡಿಟ್ ನೋಟ್ ಹಾಕಿ, ಖರೀದಿದಾರರ ಗುಮಾಸ್ತರಿಗೆ ಹತ್ತು ಸಲ ಫೋನ್ ಮಾಡಿ ಒಪ್ಪಿಸಬೇಕಾಯಿತು. ಅವರು ಆ ನೆಪದಲ್ಲಿ ಇಪ್ಪತ್ತು ದಿನ ಹಣ ಹಿಡಿದರು. ಬಡ್ಡಿಯ ಲೆಕ್ಕ ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಾಕಿದ್ದರು. 2150ರ ಉತ್ತರದ ಹೊಟ್ಟೆಯಲ್ಲೇ ಹಳೆಯ ಐಆರ್‌ಎನ್ ಮತ್ತು ಸ್ವೀಕೃತಿ ಸಂಖ್ಯೆ ಇರುತ್ತವೆ ಎಂದು ಆಮೇಲೆ ತಿಳಿಯಿತು. ಈಗ ಸ್ಕ್ರಿಪ್ಟ್ ಅದನ್ನು ಎತ್ತಿಕೊಂಡು ಪೂರ್ತಿ ವಿವರ ತಾನೇ ತರಿಸುತ್ತದೆ.

ನುಡಿ ಫಾಂಟಿನ ಕಥೆ ಬೇರೆ. ನಮ್ಮ ಗಿರಾಕಿಗಳ ವಿಳಾಸವೆಲ್ಲ ಯೂನಿಕೋಡ್ ಅಲ್ಲದ ಆ ಹಳೆಯ ಕನ್ನಡ ಫಾಂಟಿನಲ್ಲಿತ್ತು. ಅದೇ ರೂಪದಲ್ಲಿ ಹೋದ ಮೊದಲ ಬಿಲ್ಲಿನಲ್ಲಿ ತೀರ್ಥಹಳ್ಳಿ ಎಂಬುದು ಕೊಂಬು, ಬಾಲ, ಚುಕ್ಕಿ ಹೊತ್ತ ಲ್ಯಾಟಿನ್ ಅಕ್ಷರಗಳ ಸಂತೆಯಾಗಿತ್ತು. ಯೂನಿಕೋಡ್‌ಗೆ ಪರಿವರ್ತಿಸಿ ನೋಡಿದೆ. ಅರ್ಕಾವತ್ತು ಬಂದಲ್ಲೆಲ್ಲ ಎಡವಿತು. ಕೊನೆಗೆ ನಾನೂರು ಚಿಲ್ಲರೆ ವಿಳಾಸಗಳನ್ನು ಮಗಳು ಬೇಸಿಗೆ ರಜೆಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟಳು, ಸಾವಿರ ರೂಪಾಯಿ ಪಡೆದು.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ: ಕ್ಯೂಆರ್ ಕೋಡನ್ನು ಡಾಟ್ ಮ್ಯಾಟ್ರಿಕ್ಸ್‌ನಲ್ಲೇ ಅಚ್ಚು ಹಾಕುವುದು. ಸಹಿಯಾಗಿ ಬರುವ ಆ ಕ್ಯೂಆರ್ ಎಳ್ಳು ಚೆಲ್ಲಿದಷ್ಟು ಒತ್ತು. ಹೊಸ ರಿಬ್ಬನ್ ಹಾಕಿದ ದಿನ ನನ್ನ ಮೊಬೈಲ್ ಓದಿತು, ಮೂರನೆಯ ದಿನ ಅದೂ ಇಲ್ಲ. ಮೂರು ರಿಬ್ಬನ್ ಹಾಳಾದ ಮೇಲೆ ಹದಿನಾಲ್ಕು ಸಾವಿರ ಕೊಟ್ಟು ಲೇಸರ್ ಪ್ರಿಂಟರ್ ತಂದೆವು. ಹಳೆಯದು ತೂಕದ ಚೀಟಿಗೆ ಈಗಲೂ ಕಿರುಗುಟ್ಟುತ್ತದೆ.

ಈಗ ಬಿಲ್ಲು ಸೇವ್ ಮಾಡಿದ ಏಳೆಂಟು ಸೆಕೆಂಡಿಗೆ ಐಆರ್‌ಎನ್ ಬರುತ್ತದೆ, ಲಾರಿ ನಂಬರ್ ಇದ್ದರೆ ಇ-ವೇ ಬಿಲ್ಲೂ ಜೊತೆಗೇ. ಹೀಗೆ ಹೋದ ಬಿಲ್ಲುಗಳು ಐದು ಸಾವಿರ ದಾಟಿರಬೇಕು. ತಿರಸ್ಕಾರವಾದವು ಒಂದು ಕೈಯ ಬೆರಳೆಣಿಕೆಯಷ್ಟು. ಕಳಿಸುವ ಮೊದಲೇ ತಪ್ಪು ಹಿಡಿಯುವ ಒಂದು ಪಟ್ಟಿ ಇದೆ. ಖರೀದಿದಾರರ ಜಿಎಸ್‌ಟಿ ನಂಬರ್ ರದ್ದಾಗಿದ್ದರೆ ಲೋಡು ಏರಿಸುವ ಹಿಂದಿನ ದಿನವೇ ಗೊತ್ತಾಗುವ ಉಪಾಯವೂ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ.

2025ರ ಜನವರಿಯಲ್ಲಿ ನಮ್ಮಂಥವರಿಗೆ ಪೋರ್ಟಲ್ ಲಾಗಿನ್‌ಗೆ ಒಟಿಪಿ ಕಡ್ಡಾಯವಾದಾಗ ಪಕ್ಕದ ಅಂಗಡಿಯ ಹುಡುಗ ಒಟಿಪಿಗಾಗಿ ತೋಟದಲ್ಲಿದ್ದ ಯಜಮಾನರಿಗೆ ಫೋನ್ ಮಾಡುತ್ತ ಬೀದಿಯಲ್ಲಿ ಸಿಗ್ನಲ್ ಹುಡುಕುತ್ತಿದ್ದ. ಅದೇ ವಾರ ಆಡಿಟರ್ ಬಂದು ಚಹಾ ಕುಡಿದು, ತಮ್ಮ ಇನ್ನಿಬ್ಬರು ಕಕ್ಷಿದಾರರ ಬಳಿಯೂ ಫಾಕ್ಸ್‌ಪ್ರೊ ಇದೆ, ಎಷ್ಟಾಗಬಹುದು ಎಂದು ಕೇಳಿದರು. ಲಿಫ್ಟಿನ ದರ ಹೇಳಿದೆ.